ಬ್ಯಾಂಕಿಗೆ ಬೋಣಿ

ಗದಗಿನ ದರ್ಜಿ ಮುರಿಗೆಪ್ಪ ಕೆನಡಾದಲ್ಲಿ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ. ಹೆಂಡತಿ ಬರುವವಳಿದ್ದಳು. ಬಾಡಿಗೆಗೆ ಮನೆ ಕೇಳಲು ಹೋದರೆ, ಮಾಲೀಕ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸಿದ ಇತಿಹಾಸಕ್ಕೆ ಸಿಗುವ ಅಂಕ, ಕೇಳಿದ. ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಕು ಅಂತ ಮುರಿಗೆಪ್ಪ ಬ್ಯಾಂಕಿಗೆ ಹೋದ.

ಅಲ್ಲಿನ ಮ್ಯಾನೇಜರು ವಿಜಯಪುರದ ಕಡೆಯ ದೇಸಾಯರು.

"ಊರಾಗ ಸಾಲದ ಒಂದು ಕಂತೂ ತಪ್ಪಿಸಿಲ್ರಿ," ಅಂದ ಮುರಿಗೆಪ್ಪ.

"ಆ ಲೆಕ್ಕ ಸಮುದ್ರ ದಾಟಿ ಬರೂದಿಲ್ಲ. ಇಲ್ಲಿ ನೀ ಇವತ್ತ ಹುಟ್ಟಿದ ಕೂಸು," ಅಂದರು ದೇಸಾಯರು. "ಮೊದಲ ಐದುನೂರು ಡಾಲರ್ ನಮ್ಮಲ್ಲಿ ಒತ್ತೆ ಇಡು. ಅಷ್ಟಕ್ಕ ಕಾರ್ಡ್ ಕೊಡತೀನಿ. ತಿಂಗಳಾ ತಿಂಗಳಾ ಸರಿಯಾಗಿ ಕಟ್ಟು, ಇತಿಹಾಸ ತಾನ ಬೆಳೀತದ."

ಜೇಬಿಗೆ ಹೋದ ಮುರಿಗೆಪ್ಪನ ಕೈ ಅಲ್ಲೇ ನಿಂತಿತು. "ಅಂದ್ರ ಮೊದಲ ರೊಕ್ಕ ಕೊಡಾವ ನಾನು. ನೀವು ನನ್ನ ರೊಕ್ಕ ತಿರುಗಿ ಕೊಟ್ಟ ಇತಿಹಾಸ ಎಲ್ಲೈತ್ರಿ?"

"ಇದು ನೂರು ವರ್ಷದ ಬ್ಯಾಂಕ್."

"ಆ ಲೆಕ್ಕಾನೂ ಸಮುದ್ರ ದಾಟಿ ಗದಗಿಗೆ ಬಂದಿಲ್ರಿ. ನನ್ನ ಪಾಲಿಗೆ ನೀವೂ ಇವತ್ತ ಹುಟ್ಟಿದ ಕೂಸು."

ದೇಸಾಯರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ಏನ ಮಾಡೂದು?"

"ಯಾರರ ಬೋಣಿ ಮಾಡಬೇಕಲ್ರಿ."

ಮುರಿಗೆಪ್ಪ ಹತ್ತು ಡಾಲರಿನ ನೋಟು ಕೊಟ್ಟು ಜಮಾ ಮಾಡಿಸಿದ. ರಸೀದಿ ಕೈಗೆ ಬಂದ ಕೂಡಲೇ ಹತ್ತು ಡಾಲರು ವಾಪಸ್ ಕೇಳಿದ. ದೇಸಾಯರು ತೆಗೆದುಕೊಟ್ಟರು. ಆ ನೋಟನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ ಮುರಿಗೆಪ್ಪ, ಐದುನೂರು ಡಾಲರು ಎಣಿಸಿ ಮೇಜಿನ ಮೇಲೆ ಇಟ್ಟ.

"ನಿಮ್ಮ ಇತಿಹಾಸ ಚಲೋ ಐತ್ರಿ ಸಾಹೇಬ್ರ. ಇನ್ನ ನನ್ನದು ಶುರು ಮಾಡ್ರಿ."