ಕೊನೆಗೆ ಬರುವವನ ಹದಿನಾರು ಏಟು

ಹೊಳೆಯ ಈಚೆ ದಡದಲ್ಲಿ ಒಂದು ಮಠವಿತ್ತು. ಮಠವೆಂದರೆ ದೊಡ್ಡದೇನಲ್ಲ. ಒಂದು ಹಜಾರ, ಎರಡು ಕೋಣೆ, ಹಿಂದೆ ಒಂದು ಬಾವಿ. ಅಲ್ಲಿ ಪರ್ವತಯ್ಯ ಎಂಬ ಐಗಳು ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದರು. ಆ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುವವರನ್ನು ಐಗಳು ಎಂದೇ ಕರೆಯುತ್ತಿದ್ದರು.

ಮಕ್ಕಳು ಹದಿನೆಂಟು ಮಂದಿ. ಎಲ್ಲರೂ ಆಚೆ ದಡದ ಊರಿನವರು. ಮಠಕ್ಕೂ ಹೊಳೆಗೂ ನಡುವೆ ಹುಣಸೆ ತೋಪಿದ್ದುದರಿಂದ ಅವರು ಹೊಳೆ ದಾಟುವುದು ಮಠದ ಬಾಗಿಲಿಗೆ ಕಾಣುತ್ತಿರಲಿಲ್ಲ. ಬಾಗಿಲಿಗೆ ಬಂದ ಮೇಲೆಯೇ ಕಾಣುತ್ತಿದ್ದರು.

ಐಗಳ ಕಣ್ಣು ಮಂಜಾಗಿತ್ತು. ಹಾಗಾಗಿ ಎರಡು ವರ್ಷದಿಂದ ಪಾಠವೂ ಬೆತ್ತವೂ ಅವರ ಶಿಷ್ಯ ಚೆನ್ನವೀರನ ಕೈಗೆ ಬಂದಿದ್ದವು.

ಬೆತ್ತಕ್ಕೊಂದು ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಬೆತ್ತದ ತುದಿಯಿಂದ ಶ್ರೀ ಬರೆಯುವುದು. ಎರಡನೆಯವನಿಗೆ ಒಂದು ಚುಕ್ಕೆ. ಇವೆರಡೂ ನೋಯುವುದಿಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗಿ ಹದಿನೆಂಟನೆಯವನಿಗೆ ಹದಿನಾರು. ಯಾರ ಮೇಲೂ ಸಿಟ್ಟಿಲ್ಲ. ಬಂದ ಸರದಿಯಷ್ಟೇ.

ಹದಿನೆಂಟನೆಯವನು ಯಾವಾಗಲೂ ಒಬ್ಬನೇ. ಅಂಬಿಗರ ಬರಮ. ಹನ್ನೊಂದು ವರ್ಷದವನು. ಬಾಗಿಲಿಗೆ ಬಂದವನೇ ಏನೂ ಹೇಳದೆ ಕೈ ಚಾಚುತ್ತಿದ್ದ.

ಆ ವರ್ಷ ಪಾಳೆಯಗಾರನು ಕೋಟೆ ಕಟ್ಟಿಸತೊಡಗಿದ. ಒಂದು ದಿನ ಅವನ ಕಾರಕೂನ ಕುದುರೆಯ ಮೇಲೆ ಮಠಕ್ಕೆ ಬಂದ.

"ಊರಿಗೊಬ್ಬ ಹುಡುಗ ಕೋಟೆಯ ಬಿಟ್ಟಿ ಕೆಲಸಕ್ಕೆ ಬರಬೇಕು, ಐಗಳೇ. ಓದು ಹತ್ತುವ ಹುಡುಗರನ್ನು ಮುಟ್ಟಬೇಡಿ ಅಂತ ಅಪ್ಪಣೆಯಾಗಿದೆ. ಹತ್ತದವನ ಹೆಸರು ಕೊಡಿ. ಹುಣ್ಣಿಮೆಗೆ ಬರುತ್ತೇನೆ" ಎಂದ.

ಬಿಟ್ಟಿ ಎಂದರೆ ಕೂಲಿಯಿಲ್ಲದ ದುಡಿಮೆ. ಕೋಟೆಗೆ ಹೋದ ಹುಡುಗರು ಅದು ಮುಗಿಯುವವರೆಗೆ ಮನೆಗೆ ಬರುವಂತಿರಲಿಲ್ಲ. ಕೆಲವರು ಆಮೇಲೂ ಬರುತ್ತಿರಲಿಲ್ಲ.

ಕುದುರೆ ಹೋದ ಮೇಲೆ ಐಗಳು ಶಿಷ್ಯನನ್ನು ಕರೆದರು.

"ಚೆನ್ನವೀರ, ಯಾರಿಗೆ ಓದು ಹತ್ತುವುದಿಲ್ಲ ಅನ್ನುವುದು ಕಾರಕೂನನ ಪ್ರಶ್ನೆ. ಯಾಕೆ ಹತ್ತುವುದಿಲ್ಲ ಅನ್ನುವುದು ನಮ್ಮದು. ಹುಣ್ಣಿಮೆಯ ಒಳಗೆ ಅದನ್ನು ಹುಡುಕು."

ಚೆನ್ನವೀರನಿಗೆ ಅಂಥ ಕೆಲಸ ಇಷ್ಟ. ಓಲೆಗರಿ ಜೋಡಿಸಿಕೊಂಡು ಕೂತ. ಯಾರ ಅಪ್ಪನಿಗೆ ಅಕ್ಷರ ಬರುತ್ತದೆ, ಯಾರು ಬೆಳಿಗ್ಗೆ ಉಂಡು ಬರುತ್ತಾರೆ, ಯಾರು ಹಸಿದು ಬರುತ್ತಾರೆ, ಯಾರು ಗೋಡೆ ಕಡೆ ಕೂರುತ್ತಾರೆ, ಯಾರು ಬಾಗಿಲ ಕಡೆ, ಎಲ್ಲವನ್ನೂ ಕೇಳಿ ಬರೆದುಕೊಂಡ. ಅದರ ಎದುರಿಗೆ, ಮರಳು ಹರಡಿದ ಹಲಗೆಯ ಮೇಲೆ ಯಾರು ಎಷ್ಟು ತಪ್ಪಿಲ್ಲದೆ ಬರೆಯುತ್ತಾರೆ ಎಂಬುದನ್ನು ಬರೆದ. ಬಾಯಿಪಾಠವನ್ನು ಮಾತ್ರ ಬಿಟ್ಟ. ಅದನ್ನು ಎಲ್ಲರೂ ಒಟ್ಟಿಗೆ ಕೂಗಿ ಹೇಳುತ್ತಿದ್ದರಿಂದ ಯಾರಿಗೆ ಬರುತ್ತದೆ ಯಾರಿಗಿಲ್ಲ ಎಂದು ತಿಳಿಯುತ್ತಿರಲಿಲ್ಲ. ಬಾಯಿಪಾಠ ಲೆಕ್ಕಕ್ಕಿಲ್ಲ, ಬರೆದು ತೋರಿಸಿದ್ದೇ ವಿದ್ಯೆ ಎಂದು ಗರಿಯ ತಲೆಗೆ ಬರೆದಿಟ್ಟ.

ಅಪ್ಪನ ಅಕ್ಷರ ತಾಳೆಯಾಗಲಿಲ್ಲ. ಊಟ ಸ್ವಲ್ಪ ತಾಳೆಯಾಯಿತು, ಪೂರ್ತಿಯಲ್ಲ. ಕೂರುವ ಜಾಗಕ್ಕೂ ಬರಹಕ್ಕೂ ಸಂಬಂಧವೇ ಕಾಣಲಿಲ್ಲ.

ಕೊನೆಗೆ, ಮಠಕ್ಕೆ ಬರುವ ಸರದಿಯನ್ನು ಬರೆದು ನೋಡಿದ. ಅದು ಕೂದಲೆಳೆಯೂ ಆಚೀಚೆಯಾಗದೆ ಕೂತಿತು. ಗೌಡರ ಮೊಮ್ಮಗ ವೀರಭದ್ರ ಮೊದಲು ಬರುತ್ತಿದ್ದ, ಅವನ ಬರಹವೇ ಎಲ್ಲಕ್ಕಿಂತ ಚೆನ್ನ. ನಡುವೆ ಬರುವವರದು ನಡುತರ. ಬರಮನ ಅಕ್ಷರ ಮಾತ್ರ ಮರಳಿನ ಮೇಲೆ ಕೋಳಿ ಕೆದರಿದ ಹಾಗೆ.

ಚೆನ್ನವೀರ ಸಂಭ್ರಮದಿಂದ ಗುರುಗಳ ಕೋಣೆಗೆ ಓಡಿದ.

"ಸಿಕ್ಕಿತು, ಗುರುಗಳೇ! ಬೇಗ ಬರುವವನಿಗೆ ಕಲಿಯುವ ಮನಸ್ಸಿದೆ. ಮನಸ್ಸಿದ್ದವನಿಗೆ ವಿದ್ಯೆ ಹತ್ತುತ್ತದೆ. ತಡವಾಗಿ ಬರುವವನಿಗೆ ಮನಸ್ಸೇ ಇಲ್ಲ."

"ಎಲ್ಲಿ ನಿಂತು ನೋಡಿದೆ?"

"ಬಾಗಿಲಲ್ಲಿ."

"ಒಳಗಿನ ಕಡೆಯೋ, ಹೊರಗಿನ ಕಡೆಯೋ?"

"ಒಳಗಿನ ಕಡೆ. ನಾನು ನಿಲ್ಲುವುದೇ ಅಲ್ಲಿ."

"ಹುಣ್ಣಿಮೆಗೆ ಇನ್ನೂ ಮೂರು ದಿನ ಇದೆ" ಎಂದು ಐಗಳು ಗೋಡೆಯ ಕಡೆ ಹೊರಳಿದರು.

ಗುರುಗಳಿಗೆ ವಯಸ್ಸಾಯಿತು, ಎದುರಿಗಿರುವ ಸತ್ಯಕ್ಕೂ ಒಗಟು ಹಾಕುತ್ತಾರೆ ಎಂದುಕೊಂಡು ಚೆನ್ನವೀರ ಹೊರಗೆ ಬಂದ.

ಅದೇ ಸಂಜೆ ಕಾರಕೂನ ಬಂದುಬಿಟ್ಟ. ಹುಣ್ಣಿಮೆಗೆ ಮೂರು ದಿನ ಮೊದಲೇ.

"ಹುಣ್ಣಿಮೆಗೆ ಅಂದಿದ್ದಿರಲ್ಲ?" ಎಂದ ಚೆನ್ನವೀರ.

"ಮಳೆಗೆ ಮುಂಚೆ ಬುರುಜು ಏಳಬೇಕು, ಮರಿ ಐಗಳೇ. ಹೆಸರು ಕೊಡ್ತೀರೋ, ಇಲ್ಲ ನಾನೇ ಗಟ್ಟಿಮುಟ್ಟಾಗಿರೋ ಒಬ್ಬನನ್ನ ಆರಿಸಿಕೊಳ್ಳಲೋ?"

ಚೆನ್ನವೀರನಿಗೆ ವೀರಭದ್ರನ ಮುಖ ಕಣ್ಣ ಮುಂದೆ ಬಂತು. ಅಂಥ ಹುಡುಗ ಕಲ್ಲು ಹೊರುವುದೇ? ಅವನು ಗುರುಗಳನ್ನು ಕೇಳಲು ಒಳಗೆ ಹೋಗಲಿಲ್ಲ. ತಾನು ಬರೆದಿದ್ದ ಓಲೆಗರಿಯನ್ನೇ ಕಾರಕೂನನ ಕೈಗಿಟ್ಟ. ಕೊನೆಯ ಸಾಲಿನಲ್ಲಿ ಬರಮನ ಹೆಸರಿತ್ತು.

ಮರುದಿನ ಬೆಳಿಗ್ಗೆ ಚೆನ್ನವೀರ ಬೆತ್ತ ಹಿಡಿದು ಬಾಗಿಲಲ್ಲಿ ನಿಂತ. ಯಾರೂ ಬರಲಿಲ್ಲ. ಬಿಸಿಲು ಅಂಗಳ ದಾಟಿ ಹಜಾರಕ್ಕೆ ಬಂತು. ಆಗಲೂ ಯಾರೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊದಲನೆಯವನು ಬಂದ. ಅವನು ಕೊಟ್ರ. ಯಾವಾಗಲೂ ಹದಿನೇಳನೆಯವನಾಗಿ ಬಂದು ಹದಿನೈದು ಏಟು ತಿನ್ನುವವನು. ಅವನ ಪಂಚೆ ಸೊಂಟದವರೆಗೆ ಒದ್ದೆಯಾಗಿತ್ತು. ಪದ್ಧತಿ ಪದ್ಧತಿಯೇ. ಚೆನ್ನವೀರ ಅವನ ಅಂಗೈ ಮೇಲೆ ಶ್ರೀ ಬರೆದ. ಹುಡುಗ ಆ ಕೈಯನ್ನು ಬಹಳ ಹೊತ್ತು ನೋಡಿಕೊಂಡ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಒದ್ದೆ. ಎಲ್ಲರಿಗಿಂತ ಕೊನೆಗೆ, ಹದಿನೇಳನೆಯವನಾಗಿ, ಕುಂಟುತ್ತಾ ವೀರಭದ್ರ ಬಂದ. ಚೆನ್ನವೀರನಿಗೆ ಕಸಿವಿಸಿಯಾಯಿತು. ಆದರೂ ಹದಿನೈದು ಏಟು ಎಣಿಸಿ ಕೊಟ್ಟ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಎಂದು ಯಾರೂ ಆಡಬಾರದಲ್ಲ.

ಎಲ್ಲರೂ ಮರಳಿನ ಹಲಗೆ ಹಿಡಿದು ಕೂತರು. ಚೆನ್ನವೀರ ಪಾಠ ಹೇಳಿ, ಬರೆದದ್ದನ್ನು ನೋಡುತ್ತಾ ಬಂದ.

ಕೊಟ್ರನ ಹಲಗೆಯ ಮುಂದೆ ನಿಂತುಬಿಟ್ಟ. ಒಂದೂ ತಪ್ಪಿಲ್ಲ. ಅಕ್ಷರ ಪೋಣಿಸಿದ ಹಾಗಿದ್ದವು.

ವೀರಭದ್ರನ ಹಲಗೆಯನ್ನು ನೋಡಿದ. ಕೋಳಿ ಕೆದರಿದ ಹಾಗಿತ್ತು.

"ಏನೋ ಇದು?"

"ಬೆರಳು ಮಡಚೋಕೆ ಆಗ್ತಿಲ್ಲ, ಅಯ್ಯಾ" ಎಂದು ವೀರಭದ್ರ ಅತ್ತ.

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಒಂದು ದಿನಕ್ಕೇ ಹಿಂಗಾದ್ರೆ! ನಮ್ಮ ಕೈ ನೋಡು ಬಾ, ಗೌಡ್ರ ಕೂಸೇ."

ಚೆನ್ನವೀರ ಬೆತ್ತವನ್ನು ಗೋಡೆಗೆ ಒರಗಿಸಿದ.

"ಕೊಟ್ರ, ನೀವೆಲ್ಲ ಇವತ್ತು ಯಾಕೆ ತಡ?"

"ಹರಿಗೋಲು ಹಾಕೋರು ಇರಲಿಲ್ಲ, ಅಯ್ಯಾ. ಮೇಲಿನ ಹಾಯಗಡದಲ್ಲಿ, ನೀರು ಸೊಂಟದಷ್ಟೇ ಇರೋ ಕಡೆ, ಹಾದು ಬಂದ್ವಿ. ನಮ್ಮನೆ ಅಲ್ಲೇ ಹತ್ತಿರ, ಅದಕ್ಕೆ ನಾನು ಮೊದಲು ಬಂದೆ."

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ದೋಣಿ.

"ಬರಮನ ಅಪ್ಪ ಹರಿಗೋಲು ಹಾಕಲಿಲ್ಲವೇ?"

ಕೊಟ್ರನಿಗೆ ಅಚ್ಚರಿಯಾಯಿತು.

"ಅವರಪ್ಪನ ಸೊಂಟ ಬಿದ್ದು ಎರಡು ವರ್ಷ ಆಯ್ತಲ್ಲ, ಅಯ್ಯಾ. ಹುಟ್ಟು ಹಾಕ್ತಿದ್ದದ್ದು ಬರಮ. ಒಂದು ಸಲಕ್ಕೆ ಆರು ಜನ. ದಡದ ಹತ್ತಿರದ ಮನೆಯವರು ಮೊದಲ ಸಲ. ವೀರಭದ್ರ ಅದರಲ್ಲಿ ಬರ್ತಾನೆ. ಆಮೇಲೆ ಇನ್ನಾರು ಜನ. ಮೂರನೇ ಸಲ ನಾವು ಐದು ಜನ. ನಾವು ಇಳಿದು ಓಡಿಬರ್ತೀವಿ. ಅವನು ಹರಿಗೋಲನ್ನ ದಡಕ್ಕೆ ಹೊತ್ತು ಬೋರಲು ಹಾಕಿ ಬರಬೇಕು. ಒಣಗದಿದ್ರೆ ತೊಗಲು ಕೊಳೆಯುತ್ತೆ."

"ಅವನು ನನಗೆ ಹೇಳಲಿಲ್ಲವಲ್ಲ!"

"ಮೊದಲನೇ ದಿನ ಹೇಳೋಕೆ ಬಾಯಿ ತೆಗೆದ. ನೀವು, ಕಾರಣ ಬೇಡ, ಕೈ ಚಾಚು ಅಂದ್ರಿ."

"ನೀವಾದರೂ ಹೇಳಬಾರದಿತ್ತೇ?"

ವೀರಭದ್ರನೇ ತಲೆ ತಗ್ಗಿಸಿ ಹೇಳಿದ. "ಹೇಳಿದ್ರೆ ನನಗೆ ಶ್ರೀ ಸಿಗ್ತಿರಲಿಲ್ಲ, ಅಯ್ಯಾ."

"ಪಾಠ ಎಲ್ಲಾ ಅವನಿಗೆ ಬಾಯಲ್ಲಿ ಬರ್ತಿತ್ತು" ಎಂದ ಕೊಟ್ರ. "ಹುಟ್ಟು ಹಾಕ್ತಾ ಹಾಕ್ತಾ ನಮಗೇ ಹೇಳಿಕೊಡ್ತಿದ್ದ. ಇವತ್ತು ಕೋಳಿ ಕೂಗೋ ಹೊತ್ತಿಗೆ ಇಬ್ಬರು ಬಂದು ದಡದಿಂದಲೇ ಕರ್ಕೊಂಡು ಹೋದ್ರು."

ಚೆನ್ನವೀರ ಗುರುಗಳಿಗೂ ಹೇಳದೆ ಹೊರಟ. ಕೋಟೆ ಒಂದು ದಿನದ ದಾರಿ. ರಾತ್ರಿ ದಾರಿಯಲ್ಲಿ ಒಂದು ಮಂಟಪದಲ್ಲಿ ತಂಗಿ, ಮರುದಿನ ಬೆಳಿಗ್ಗೆ ತಲುಪಿದ.

ಬುರುಜಿನ ಕೆಳಗೆ ಸುಣ್ಣದ ಗುಂಡಿಯಿತ್ತು. ಹುಡುಗರು ಬುಟ್ಟಿಯಲ್ಲಿ ಸುಣ್ಣ ಹೊರುತ್ತಿದ್ದರು. ಎಲ್ಲರೂ ತಲೆಯಿಂದ ಕಾಲವರೆಗೆ ಬೆಳ್ಳಗಾಗಿದ್ದರಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಅವರಲ್ಲೊಬ್ಬ ಚೆನ್ನವೀರನನ್ನು ಕಂಡ. ಬುಟ್ಟಿ ಕೆಳಗಿಟ್ಟ. ಹತ್ತಿರ ಬಂದು ಏನೂ ಹೇಳದೆ ಕೈ ಚಾಚಿದ.

ಅದರಿಂದ ಚೆನ್ನವೀರನಿಗೆ ಗುರುತು ಸಿಕ್ಕಿತು.

"ಬೇಡ ಮಗಾ, ಬೇಡ" ಎಂದು ಆ ಕೈ ಹಿಡಿದುಕೊಂಡ. ಅದು ಬಿಸಿಯಾಗಿತ್ತು. ಒಂದೇ ದಿನಕ್ಕೆ ಸುಣ್ಣ ಅಂಗೈಯ ಹಳೆಯ ಬಾಸುಂಡೆಗಳನ್ನು ಸುಟ್ಟಿತ್ತು.

ಹುಡುಗನನ್ನು ಕರೆದುಕೊಂಡು ಕಾರಕೂನನ ಚಪ್ಪರಕ್ಕೆ ಹೋದ.

"ನಾನು ತಪ್ಪು ಹೆಸರು ಕೊಟ್ಟೆ. ಇವನನ್ನು ಬಿಟ್ಟುಬಿಡಿ."

"ಬಿಡ್ತೀನಿ, ಮರಿ ಐಗಳೇ. ಸರಿಯಾದ ಹೆಸರು ಹೇಳಿ."

"ನನ್ನದನ್ನು ಬರೆದುಕೊಳ್ಳಿ."

ಕಾರಕೂನ ನಕ್ಕ. "ನಿಮಗೆ ಓದು ಬರುತ್ತೆ. ಓದು ಬರುವವರನ್ನ ಮುಟ್ಟಬೇಡಿ ಅಂತ ಅಪ್ಪಣೆ. ನನ್ನ ತಲೆ ಹೋಗುತ್ತೆ."

"ಹಾಗಾದರೆ ಇವನಿಗೂ ಓದು ಬರುತ್ತದೆ! ಬರಮ, ಪಾಠ ಹೇಳು."

ಬರಮ ಹೇಳಿದ. ಒಂದನೆಯ ಪಾಠದಿಂದ ಹಿಡಿದು, ಚೆನ್ನವೀರ ಮೊನ್ನೆ ಹೇಳಿಕೊಟ್ಟದ್ದರವರೆಗೆ, ಒಂದೂ ಬಿಡದೆ ಹೇಳಿದ. ಚಪ್ಪರದಲ್ಲಿದ್ದ ಕಾವಲಿನವರೂ ಕಿವಿಗೊಟ್ಟು ಕೇಳಿದರು.

"ಗಿಣಿಯೂ ಹೇಳುತ್ತೆ" ಎಂದ ಕಾರಕೂನ. ಅವನು ಪೆಟ್ಟಿಗೆಯಿಂದ ಚೆನ್ನವೀರನ ಓಲೆಗರಿಯನ್ನೇ ತೆಗೆದ. "ಬಾಯಿಪಾಠ ಲೆಕ್ಕಕ್ಕಿಲ್ಲ, ಬರೆದು ತೋರಿಸಿದ್ದೇ ವಿದ್ಯೆ ಅಂತ ಇಲ್ಲಿ ನೀವೇ ಬರೆದಿದ್ದೀರಿ. ಬರೆಯಲಿ. ಬರೆದರೆ ಈಗಲೇ ಕರ್ಕೊಂಡು ಹೋಗಿ."

ನೆಲದ ಮೇಲೆ ಮರಳು ಹರಡಿದರು. ಬರಮ ಮಂಡಿಯೂರಿ ಕೂತ. ತೋರುಬೆರಳನ್ನು ಮರಳಿಗಿಟ್ಟ. ಬೆರಳು ಬಾಗಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆದ. ಒಂದು ಗೆರೆ ಮೂಡಿತು. ಅದು ಯಾವ ಅಕ್ಷರವೂ ಆಗಿರಲಿಲ್ಲ.

"ಇನ್ನೊಂದು ಸಲ" ಎಂದ ಚೆನ್ನವೀರ.

ಹುಡುಗ ಇನ್ನೊಂದು ಸಲ ಎಳೆದ. ಮರಳಿನ ಮೇಲೆ ರಕ್ತ ಬೆರೆತ ನೀರು ತೊಟ್ಟಿಕ್ಕಿತು.

"ಸಾಕು" ಎಂದು ಕಾರಕೂನ ಮುಖ ತಿರುಗಿಸಿದ. ಅವನಿಗೂ ನೋಡಲಾಗಲಿಲ್ಲ. ಆದರೆ ಹೆಸರನ್ನು ಅಳಿಸಲಿಲ್ಲ.

ಬರಮ ಎದ್ದು ಬುಟ್ಟಿಯ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತ.

"ಅಯ್ಯಾ, ಹರಿಗೋಲು ನೀರಲ್ಲೇ ಬಿಟ್ಟು ಬಂದೆ. ಯಾರಿಗಾದ್ರೂ ಹೇಳಿ ಬೋರಲು ಹಾಕಿಸಿ. ಅಪ್ಪನ ಕೈಲಿ ಎತ್ತೋಕಾಗಲ್ಲ."

ಚೆನ್ನವೀರ ಮಠಕ್ಕೆ ಮರಳಿದಾಗ ಹುಣ್ಣಿಮೆಯ ಬೆಳಗಾಗಿತ್ತು. ಹಜಾರ ಖಾಲಿಯಿತ್ತು. ಐಗಳು ಬಾಗಿಲ ಹೊರಗೆ, ಹುಣಸೆ ತೋಪಿನ ಕಡೆ ಮುಖ ಮಾಡಿ ಕೂತಿದ್ದರು. ನಡೆದುದನ್ನೆಲ್ಲ ಶಿಷ್ಯ ಒಂದೂ ಮುಚ್ಚಿಡದೆ ಹೇಳಿದ. ಹೇಳಿ ಮುಗಿಸಿ ಮಂಡಿಯೂರಿ, ಎರಡೂ ಕೈ ಚಾಚಿದ.

"ಹೊಡೆಯಿರಿ, ಗುರುಗಳೇ. ಎರಡು ವರ್ಷ ದಿನಕ್ಕೆ ಹದಿನಾರರಂತೆ ಹೊಡೆದಿದ್ದೇನೆ. ಅಷ್ಟನ್ನೂ ಕೊಡಿ."

ಐಗಳು ಅವನ ಕೈಗಳನ್ನು ತಡವಿ ಕೆಳಗಿಳಿಸಿದರು.

"ಹೊಡೆದರೆ ನಿನಗೆ ಹಗುರಾಗುತ್ತದೆ. ಆ ಹುಡುಗನಿಗೆ ಏನಾಗುತ್ತದೆ?"

ಚೆನ್ನವೀರ ತಲೆ ಎತ್ತಿ ಕೇಳಿದ.

"ನಿಮಗೆ ಮೊದಲೇ ಗೊತ್ತಿತ್ತೇ, ಗುರುಗಳೇ? ಗೊತ್ತಿದ್ದೂ ನನ್ನನ್ನು ಹುಡುಕಲು ಬಿಟ್ಟಿರೇ?"

"ಇಲ್ಲ. ಏನೋ ತಪ್ಪಿದೆ ಎಂದು ಮಾತ್ರ ಅನ್ನಿಸುತ್ತಿತ್ತು. ಬೆತ್ತದ ಸದ್ದು ದಿನವೂ ಅದೇ ಕೈ ಮೇಲೆ ನಿಲ್ಲುತ್ತಿತ್ತು. ಆ ಪದ್ಧತಿಯನ್ನು ನಿನಗೆ ಕಲಿಸಿದವನು ನಾನು. ನಿನಗಿಂತ ಮೊದಲು ಮೂವತ್ತು ವರ್ಷ ಆ ಬಾಗಿಲ ಒಳಗೆ ನಿಂತವನೂ ನಾನು."

"ಈಗ ನಾನೇನು ಮಾಡಲಿ?"

"ಮೊದಲು ಹೊಳೆಗೆ ಹೋಗಿ ಹರಿಗೋಲನ್ನು ದಡಕ್ಕೆ ಎತ್ತಿ ಹಾಕು. ಹುಟ್ಟು ಹಾಕುವುದನ್ನು ಅವರಪ್ಪನಿಂದ ಕಲಿ. ನಾಳೆಯಿಂದ ಮಕ್ಕಳನ್ನು ದಾಟಿಸುವವನು ನೀನು. ಕೋಟೆಗೆ ತಿಂಗಳಿಗೊಮ್ಮೆ ಹೋಗು. ಅವರು ಬಿಡಲಿ ಬಿಡದಿರಲಿ, ಹೋಗು."

ಚೆನ್ನವೀರ ಎದ್ದ. ಐಗಳು ಅವನ ಪಂಚೆಯ ಅಂಚು ಹಿಡಿದು ನಿಲ್ಲಿಸಿದರು.

"ಮುಗಿಸಿ ಬಂದು ನನ್ನ ಹತ್ತಿರ ಕೂತುಕೋ. ನನ್ನ ಕಾಲದಲ್ಲಿ ಕೊನೆಗೆ ಬರುತ್ತಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಬೇಕು. ಮೊದಲನೆಯವನು ಕಂಬಳಿ ನೇಯುವವರ ಮಾಳಿಂಗ. ನಾಲ್ಕು ವರ್ಷ ಅವನಿಗೆ ಹೊಡೆದೆ. ಅವನ ಮನೆ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ."