ಹಳೆಯ ಖಾತೆ

ಸಾಹೇಬರ ಕಂಪ್ಯೂಟರಿನಲ್ಲಿ ಮೂರು ಇಮೇಲ್ ಖಾತೆ. ಎರಡು ತೆರೆದವು. ಬಡ್ತಿಯ ಆದೇಶ ಬಂದಿದ್ದ ಹಳೆಯದು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಪಾಸ್‌ವರ್ಡ್ ಮರೆತವರು ಸಾಹೇಬರು, ಬೈಗುಳ ತಿಂದವನು ಗುಮಾಸ್ತ ಫಕೀರಪ್ಪ.

"ಐದು ನಿಮಿಷದಾಗ ತೆಗೀಬೇಕು! ಇಲ್ಲಾಂದ್ರ ನಾಳೆಯಿಂದ ರೆಕಾರ್ಡ್ ರೂಮಿನಾಗ ಧೂಳು ಝಾಡಿಸು!"

ಪರದೆ ಗುರುತಿನ ಪ್ರಶ್ನೆ ಕೇಳಿತು: ನಿಮ್ಮ ಬಾಲ್ಯದ ಆಪ್ತ ಗೆಳೆಯ ಯಾರು?

ಸಾಹೇಬರು ಶಾಸಕರ ಹೆಸರು ಹೊಡೆದರು, ಗುತ್ತಿಗೆದಾರರ ಹೆಸರು ಹೊಡೆದರು. ಪರದೆ ಒಪ್ಪಲಿಲ್ಲ.

"ನಾ ಒಮ್ಮೆ ನೋಡ್ಲೇನ್ರಿ?" ಫಕೀರಪ್ಪ ಬಗ್ಗಿ, ಶಾಲೆಯ ಬೆಂಚಿನಲ್ಲಿ ಇದೇ ಸಾಹೇಬರು ತನ್ನನ್ನು ಕರೆಯುತ್ತಿದ್ದ ಹೆಸರು ಒತ್ತಿದ: ಫಕ್ಯಾ.

ಖಾತೆ ತೆರೆಯಿತು.

ಸಾಹೇಬರ ಮುಖ ಇಳಿಯಿತು. ತಾವೇ ಕುರ್ಚಿ ಎಳೆದು, "ಕುಂದರಲೇ ಫಕ್ಯಾ," ಅಂದರು.

"ಬ್ಯಾಡ್ರೀ ಸಾಹೇಬ್ರ," ಅಂದ ಫಕೀರಪ್ಪ. "ಎರಡು ವರ್ಷದಿಂದ ನಿಮ್ಮ ಮುಂದ ನಿಂತು ನಿಂತು ರೂಢಿ ಆಗೇತ್ರಿ."