ಕುದುರೆಗೆ ಬಂದ ನರೆ

ಪಕ್ಕದೂರ ಪಾಳೆಗಾರ ಮಲ್ಲರಸನ ಕರಿಕುದುರೆಯ ಕೊರಳಿಗೆ ಹುಟ್ಟಿನಿಂದಲೇ ಮಲ್ಲಿಗೆ ಮಾಲೆಯಂಥ ಬಿಳಿ ಪಟ್ಟೆ. ಅದನ್ನು ಕಂಡಾಗಿನಿಂದ ಈ ಊರಿನ ಪಾಳೆಗಾರ ಕಸ್ತೂರಿನಾಯಕನಿಗೆ ಹೊಟ್ಟೆಯುರಿ, ಅನ್ನ ಸೇರದು.

“ನನ್ನ ಕರಿಕುದುರೆಗೂ ಆ ಮಾಲೆ ಬರಿಸು. ಇಲ್ಲವೋ, ಊರು ಬಿಡು!” ಎಂದು ಲಾಯದ ಆಳಿನ ಮೇಲೆ ಗುಡುಗಿದ.

“ಅದು ವಂಶದಲ್ಲಿ ಬರೋದು ಬುದ್ದೀ. ನಮ್ಮದಕ್ಕೆ ಬರಿಸೋಕಾಗಲ್ಲ. ಅವರದ್ದನ್ನ ಅಳಿಸಬಹುದು.”

ಮಲ್ಲರಸ ಆಗ ಮೂರನೇ ಮದುವೆಗೆ ಹೆಣ್ಣು ಹುಡುಕುತ್ತಿದ್ದ. ಆಳು ಹೋಗಿ ಅವನ ಕುದುರೆಯ ಬಿಳಿ ಪಟ್ಟೆ ನೋಡಿ ಲೊಚಗುಟ್ಟಿದ. “ಪಾಪ, ಆಗಲೇ ನರೆ ಬಂತೇ! ಸವಾರನ ವಯಸ್ಸು ಕುದುರೆಗೆ ತಟ್ಟುತ್ತೆ ಅಂತಾರೆ, ನಿಜವೇ ದೊರೆ?”

ಮರುದಿನವೇ ಮಲ್ಲರಸ ಕುದುರೆಯ ಮೈತುಂಬ ಕಾಡಿಗೆ ಬಳಿಸಿದ.

ನಾಯಕ ಕೋಟೆ ಮೇಲಿಂದ ನೋಡಿ ನಕ್ಕ. ಮರುಗಳಿಗೆಯೇ ಮುಖ ಹುಳ್ಳಗಾಯಿತು. “ಅವನದ್ದು ನಮ್ಮದಕ್ಕಿಂತ ಕಪ್ಪಗೆ ಮಿಂಚ್ತಿದೆಯಲ್ಲೋ!”

ಆಳು ತಲೆ ಕೆರೆದುಕೊಂಡ. “ಉಳಿದ ಕಾಡಿಗೆ ಕೇಳಿ ತರಲೇ ಬುದ್ದೀ? ನಿಮ್ಮ ಕಣ್ಣಿಗೆ ಹಚ್ಚೋಣ.”